ಆಳಸಮುದ್ರದ ಹಲಗೆ: ಹಳೆ ಜಾರ್‌ಗಳ ರಿಪೇರಿ, ಹೊಸ ಮೀನುಗಳ ಸೇರ್ಪಡೆ

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಮ್ಯೂಸಿಯಂ ಅಂದರೆ ಒಂದು ಉದ್ದನೆಯ ಕೋಣೆ ಮತ್ತು ಗಾಜಿನ ಬಾಗಿಲಿನ ಮರದ ಕಪಾಟುಗಳು. ಕರಾವಳಿಯ ಕಾಲೇಜು ಆದ್ದರಿಂದ ಬಂಗುಡೆ, ಬೂತಾಯಿ, ಹಾರುಮೀನು, ನಕ್ಷತ್ರಮೀನು ಬೇಕಾದಷ್ಟಿವೆ. ಬೆಳಕು ಇಳಿಯದ ಆಳದಿಂದ ಬಂದವು ಮಾತ್ರ ಬೆರಳೆಣಿಕೆಯಷ್ಟು. ಅವೂ ಹಾಳಾಗುವ ಸ್ಥಿತಿಯಲ್ಲಿದ್ದವು. ಒಂದು ಹಲಗೆಯನ್ನು ಪೂರ್ತಿ ಆಳಸಮುದ್ರಕ್ಕೆ ಬಿಡಿಸಿಕೊಂಡು, ಹಳೆಯದನ್ನು ಸರಿಪಡಿಸಿ, ಹೊಸದನ್ನು ಸೇರಿಸುವ ಕೆಲಸ ಹಿಡಿದೆ. ಏನು ಮಾಡಿದೆ, ಯಾಕೆ ಹಾಗೆ ಮಾಡಿದೆ ಅನ್ನುವುದನ್ನು ಬರೆದಿಡುತ್ತಿದ್ದೇನೆ. ಶಾಲೆ, ಕಾಲೇಜುಗಳಲ್ಲಿ ಇಂಥ ಕಪಾಟು ನೋಡಿಕೊಳ್ಳುವವರು ತುಂಬಾ ಜನ ಇದ್ದೀರಿ ಅಲ್ವಾ, ಅವರಿಗಾಗಿ.

ಜಾರ್ ಒಳಗಿರುವುದು ಏನು?

ಹಳೆ ಜಾರ್ ಕೈಗೆ ಬಂದಾಗ ಮೊದಲ ಪ್ರಶ್ನೆ ಪ್ರಾಣಿ ಯಾವುದು ಅನ್ನುವುದಲ್ಲ, ದ್ರವ ಯಾವುದು ಅನ್ನುವುದು. ಫಾರ್ಮಲಿನ್ನಾ, ಸ್ಪಿರಿಟ್ಟಾ (ಅಂದರೆ ಎಥನಾಲ್ ಅನ್ನುವ ಆಲ್ಕೊಹಾಲ್)? ಹಲವರು ಮುಚ್ಚಳ ತೆಗೆದು ಮೂಸಿ ನೋಡುತ್ತಾರೆ. ದಯವಿಟ್ಟು ಬೇಡ. ಫಾರ್ಮಲಿನ್‌ನಲ್ಲಿರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಪಟ್ಟಿ ಮಾಡಿದೆ. ನಮ್ಮಲ್ಲಿ ಅದನ್ನು ಡಿಸೆಕ್ಷನ್ ಹಾಲ್‌ನಲ್ಲಿ ಪಿನಾಯಿಲ್ ಹಾಗೆ ಸುರಿದು ಅಭ್ಯಾಸ ಆಗಿಬಿಟ್ಟಿದೆ.

ನಾನು ಮಾಡಿದ್ದು ಇಷ್ಟು. ಕಿಟಕಿ ಎಲ್ಲ ತೆರೆದು, ನೈಟ್ರೈಲ್ ಗ್ಲೌಸ್, ಕನ್ನಡಕ ಹಾಕಿಕೊಂಡು, ಪ್ರತಿ ಜಾರಿನಿಂದ ಡ್ರಾಪರ್‌ನಲ್ಲಿ ಒಂದಿಷ್ಟು ದ್ರವ ತೆಗೆದೆ. ಅದಕ್ಕೆ ಶಿಫ್ಸ್ ರಿಯೇಜೆಂಟ್ ಹಾಕಿದೆ. ಜೀವಕೋಶದ ಪ್ರಾಕ್ಟಿಕಲ್‌ಗೆ ತರಿಸುವ ಅದೇ ಬಾಟಲಿ. ಫಾರ್ಮಾಲ್ಡಿಹೈಡ್ ಇದ್ದರೆ ಗಾಢ ನೇರಳೆಗೆಂಪು ಬಣ್ಣ ಬರುತ್ತದೆ. ಬಣ್ಣ ಬಾರದ ಜಾರ್‌ಗಳ ದ್ರವಕ್ಕೆ ಆಲ್ಕೊಹಾಲ್ ಮೀಟರ್ ಇಳಿಸಿದೆ. ಈ ಗಾಜಿನ ಕಡ್ಡಿಗೆ ದುಡ್ಡು ಜಾಸ್ತಿ ಇಲ್ಲ. ಇದಿಲ್ಲದೆ ಸ್ಪಿರಿಟ್ ಜಾರ್ ನೋಡಿಕೊಳ್ಳುವುದು ಕಣ್ಣು ಕಟ್ಟಿಕೊಂಡು ಕೆಲಸ ಮಾಡಿದ ಹಾಗೆ.

ಯಾಕೆಂದರೆ ಆಲ್ಕೊಹಾಲ್ ನೀರಿಗಿಂತ ಬೇಗ ಆರುತ್ತದೆ. ಶೇಕಡಾ 70ರ ದ್ರವ ಅರ್ಧಕ್ಕೆ ಇಳಿದಿದ್ದರೆ, ಉಳಿದದ್ದು ಶೇಕಡಾ 70 ಇರುವುದಿಲ್ಲ. ನಮ್ಮ ಒಂದು ಲೀಟರ್ ಜಾರ್ ಒಂದರಲ್ಲಿ 600 ಮಿ.ಲೀ. ಉಳಿದಿತ್ತು, ಮೀಟರ್ ತೋರಿಸಿದ್ದು 55. ಇದಕ್ಕೆ 70ರ ಸ್ಪಿರಿಟ್ 400 ಮಿ.ಲೀ. ಸುರಿದರೆ ಸುಮಾರು 61 ಆಗುತ್ತದೆ. ಜಾರ್ ತುಂಬಿದ ಹಾಗೆ ಕಾಣುತ್ತದೆ, ಒಳಗಿನ ಮೀನಿಗೆ ಮಾತ್ರ ಪೂರ್ತಿ ರಕ್ಷಣೆ ಇಲ್ಲ. ವರ್ಷಾವರ್ಷ ಹೀಗೇ ಸುರಿಯುತ್ತಾ ಹೋದರೆ ಒಂದು ದಿನ 50ಕ್ಕಿಂತ ಕೆಳಗೆ ಇಳಿದು ಮಾಂಸ ಮೆತ್ತಗಾಗಲು ಶುರು. ಅದೇ 400 ಮಿ.ಲೀ. 95ರ ಸ್ಪಿರಿಟ್ ಆದರೆ ಲೆಕ್ಕ 71ಕ್ಕೆ ಬರುತ್ತದೆ. ಆದರೆ ಅದನ್ನು ಒಮ್ಮೆಲೇ ಮೀನಿನ ಮೇಲೆ ಹೊಯ್ಯಬಾರದು, ಮೈ ಮುದುಡುತ್ತದೆ. ಹಳೆ ದ್ರವವನ್ನು ಬೀಕರಿಗೆ ಬಗ್ಗಿಸಿಕೊಂಡು, ದಿನಕ್ಕೊಂದಿಷ್ಟು 95ರದ್ದನ್ನು ಬೆರೆಸಿ ಬೆರೆಸಿ ವಾಪಸ್ ಹಾಕಿದೆ.

ಮುಚ್ಚಳ ತೆಗೆಯುವುದು ಕೂಡ ಒಂದು ಕೆಲಸವೇ. ಉಜ್ಜಿದ ಗಾಜಿನ ಮುಚ್ಚಳಕ್ಕೆ ಹಿಂದಿನವರು ಮೇಣ ಕರಗಿಸಿ ಹೊಯ್ದಿದ್ದರು. ಒಳಗೆ ಸ್ಪಿರಿಟ್ ಇರುವುದರಿಂದ ಬೆಂಕಿ ಹತ್ತಿರ ತರುವ ಹಾಗಿಲ್ಲ, ಹಾಟ್ ಏರ್ ಗನ್ ಕೂಡ ಬೇಡ. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಅಂಚಿಗೆ ಸುತ್ತಿ, ಮೇಣ ಮೆತ್ತಗಾದ ಮೇಲೆ ಹಳೆ ಬ್ಲೇಡ್ ತೂರಿಸಿ ನಿಧಾನಕ್ಕೆ ಬಿಡಿಸಿದೆ. ನಮ್ಮ ಅಟೆಂಡರ್ ಒಬ್ಬರು ಉಪ್ಪಿನಕಾಯಿ ಭರಣಿ ಬಿಚ್ಚಿದಷ್ಟೇ ಸಲೀಸಾಗಿ ಇದನ್ನು ಮಾಡುತ್ತಾರೆ. ನಾನು ಜಾರ್ ಗಟ್ಟಿಯಾಗಿ ಹಿಡಿದುಕೊಂಡು ನಿಂತೆ, ಅಷ್ಟೇ.

ಒಣಗಿದ ಸೀಗಡಿ

ಒಂದು ಜಾರಿನಲ್ಲಿ ದ್ರವವೇ ಇರಲಿಲ್ಲ. ತಳದಲ್ಲಿ ಕಂದು ಬಣ್ಣದ ಸೀಗಡಿಯೊಂದು ಹಪ್ಪಳವಾಗಿ ಅಂಟಿಕೊಂಡಿತ್ತು. ಹಣೆಯಿಂದ ಮುಂದಕ್ಕೆ ಚಾಚಿದ ಗರಗಸದ ಕೊಂಬು ಪೂರ್ತಿ ಇದ್ದದ್ದರಿಂದ ಎಸೆಯಲು ಮನಸ್ಸು ಬರಲಿಲ್ಲ.

ಹೀಗೆ ಒಣಗಿದ್ದನ್ನು ಮತ್ತೆ ಮೆತ್ತಗೆ ಮಾಡಲು ಮ್ಯೂಸಿಯಂಗಳಲ್ಲಿ ಟ್ರೈಸೋಡಿಯಂ ಫಾಸ್ಫೇಟ್ ಬಳಸುತ್ತಾರೆ. ಲೀಟರ್ ನೀರಿಗೆ 5 ಗ್ರಾಂ ಹಾಕಿ, ಉಗುರುಬೆಚ್ಚಗೆ ಇಟ್ಟು ಅದರಲ್ಲಿ ಮುಳುಗಿಸಿದೆ. ಮೊದಲು ತೇಲಿತು. ಆಮೇಲೆ ಕಾಲಿನ ಸಂದುಗಳಿಂದ ಸಣ್ಣ ಗುಳ್ಳೆ ಬಿಟ್ಟು ಮುಳುಗಿತು. ಸಂಜೆ ಹೊತ್ತಿಗೆ ಬಾಲ ಮಡಚುವಷ್ಟು ಮೆತ್ತಗಾಯಿತು. ಅಲ್ಲಿಗೇ ನಿಲ್ಲಿಸಬೇಕು. ಜಾಸ್ತಿ ಹೊತ್ತು ಬಿಟ್ಟರೆ ಮೈಯೇ ಕರಗಲು ಶುರುವಾಗುತ್ತದೆ. ಚೆನ್ನಾಗಿ ನೀರಲ್ಲಿ ತೊಳೆದು, 30, 50, 70 ಅಂತ ಮೆಟ್ಟಿಲು ಮೆಟ್ಟಿಲಾಗಿ ಸ್ಪಿರಿಟ್‌ಗೆ ಏರಿಸಿದೆ. ಹೊಸದರ ಹಾಗೆ ಆಗಲಿಲ್ಲ, ಆಗುವುದೂ ಇಲ್ಲ. ಕಾಲು ಎಣಿಸಬಹುದು, ಕೊಂಬಿನ ಹಲ್ಲು ಎಣಿಸಬಹುದು. ಪಾಠಕ್ಕೆ ಅಷ್ಟು ಸಾಕು.

ಕೊಲ್ಲಂನಿಂದ ಐಸ್ ಪೆಟ್ಟಿಗೆ

ಹೊಸ ಜೀವಿಗಳು ಎಲ್ಲಿಂದ? ಮಲ್ಪೆ, ಮಂಗಳೂರು ಧಕ್ಕೆಯಲ್ಲಿ 'ಆಳಸಮುದ್ರ ಬೋಟ್' ಅಂತ ನಾವು ಕರೆಯುವವು ವಾರಗಟ್ಟಲೆ ಹೊರಗಿರುತ್ತವೆ ನಿಜ, ಆದರೆ ಹೆಚ್ಚಿನವು ಬಲೆ ಎಳೆಯುವುದು ಭೂಖಂಡದ ಅಂಚಿನ ಒಳಗೇ, ಅಂದರೆ ಸಮುದ್ರತಳ ಆಳಕ್ಕೆ ಇಳಿಯುವ ಮೊದಲಿನ ಕಡಿಮೆ ಆಳದ ನೀರಿನಲ್ಲೇ. ನಿಜವಾದ ಆಳದ ಸೀಗಡಿಗೆ ಹೆಸರಾದದ್ದು ಕೇರಳದ ಕೊಲ್ಲಂ. ಅಲ್ಲಿನ ಶಕ್ತಿಕುಳಂಗರ ಬಂದರಿನ ಟ್ರಾಲ್ ಬೋಟ್‌ಗಳು ಕೊಲ್ಲಂ ಎದುರಿನ ಇಳಿಜಾರಿನಲ್ಲಿ 200ರಿಂದ 400 ಮೀಟರ್ ಆಳದಲ್ಲಿ ಬಲೆ ಎಳೆಯುತ್ತವೆ. ಅಲ್ಲಿ 'ರೆಡ್ ರಿಂಗ್' ಅಂತ ಮಾರುವ ಕೆಂಪು ಸೀಗಡಿಯ ವೈಜ್ಞಾನಿಕ ಹೆಸರು ಅರಿಸ್ಟಿಯಸ್ ಅಲ್ಕಾಕಿ. ಆಲ್ಫ್ರೆಡ್ ಆಲ್ಕಾಕ್ ಅನ್ನುವ ಡಾಕ್ಟರ ಹೆಸರು ಅದಕ್ಕಿಟ್ಟಿದ್ದಾರೆ. 1888ರಿಂದ 1892ರವರೆಗೆ 'ಇನ್ವೆಸ್ಟಿಗೇಟರ್' ಅನ್ನುವ ಸರ್ವೇ ಹಡಗಿನಲ್ಲಿ ಇದ್ದವರು. ಆಳದಿಂದ ಬಂದ ವಿಚಿತ್ರಗಳನ್ನೆಲ್ಲ ಸ್ಪಿರಿಟ್‌ನಲ್ಲಿ ಇಳಿಸಿ ಕಲ್ಕತ್ತಾದ ಇಂಡಿಯನ್ ಮ್ಯೂಸಿಯಂಗೆ ಸೇರಿಸಿದರು. ಆಮೇಲೆ ಆ ಮ್ಯೂಸಿಯಂನ ಮುಖ್ಯಸ್ಥರೂ ಆದರು. ನಮ್ಮ ಸುತ್ತಲಿನ ಸಮುದ್ರದ ಆಳಜೀವಿಗಳ ಬಗ್ಗೆ ಇವತ್ತಿಗೂ ತಕರಾರು ಬಂದರೆ ಆ ಹಳೆ ಜಾರ್‌ಗಳನ್ನೇ ತೆಗೆದು ನೋಡಬೇಕು.

ಸೀಗಡಿ ಜೊತೆ ಬಲೆಗೆ ಬೀಳುವ ಬೇರೆ ಮೀನಿಗೆ ಬೆಲೆ ಇಲ್ಲ. ನನಗೆ ಬೇಕಾಗಿದ್ದೇ ಅದು. ಬೋಟ್ ನಡೆಸುವವರನ್ನು ಅಲ್ಲಿ 'ಸ್ರಾಂಕ್' ಅನ್ನುತ್ತಾರೆ. ಪರಿಚಯದವರ ಮೂಲಕ ಒಬ್ಬ ಸ್ರಾಂಕ್ ಚೇಟನ್‌ರನ್ನು (ಚೇಟನ್ ಅಂದರೆ ಅಣ್ಣ) ಹಿಡಿದೆ. ನನ್ನ ಹರಕು ಮಲಯಾಳದಲ್ಲಿ ಕೇಳಿದ್ದು ಎರಡೇ ವಿಷಯ.

"ಚೇಟಾ, ಕೊನೆಯ ಎಳೆತದ್ದು ಮಾತ್ರ ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಸ್ವಲ್ಪ ಸಮುದ್ರದ ನೀರು ಹಾಕಿ, ಆ ಚೀಲವನ್ನು ಐಸ್ ಮೇಲಿಡಿ."

"ಮಾಸ್ಟರೇ, ತಿನ್ನದ ಮೀನಿಗೆ ಇಷ್ಟು ಉಪಚಾರವಾ?"

"ಇನ್ನೊಂದು. ಬಲೆ ಎಳೆದ ಜಾಗ, ಆಳ ಬರೆದುಕೊಡಿ."

ಅವರು ನಗುತ್ತಾ ಜಿಪಿಎಸ್ ಅಂಕಿಗಳನ್ನು ಸಿಗರೇಟ್ ಪ್ಯಾಕಿನ ಹಿಂದೆ ಬರೆದುಕೊಟ್ಟರು. ಆಳ ಅಂತ '200' ಬರೆದಿದ್ದರು. 200 ಏನು? ಎಕೋ ಸೌಂಡರ್ ಫ್ಯಾದಮ್‌ನಲ್ಲಿ ಇದೆಯೋ ಮೀಟರಿನಲ್ಲೋ? ಕೇಳಿದ್ದಕ್ಕೆ ಫ್ಯಾದಮ್ ಅಂದರು. ಅಂದರೆ ಸುಮಾರು 366 ಮೀಟರ್. ಆ ಒಂದು ಪ್ರಶ್ನೆ ಕೇಳದಿದ್ದರೆ ಜಾರಿನ ಚೀಟಿಯಲ್ಲಿ ಆಳ ಹೆಚ್ಚುಕಮ್ಮಿ ಅರ್ಧವಾಗುತ್ತಿತ್ತು.

ಚೀಲ ಯಾಕೆಂದರೆ, ಒಡೆದ ಐಸ್ ಮೇಲೆ ನೇರ ಇಟ್ಟರೆ ಆಳದ ಮೀನಿನ ಚರ್ಮ ಸುಲಿದು ಹೋಗುತ್ತದೆ. ಮೊದಲೇ ಅವುಗಳದ್ದು ನೀರು ತುಂಬಿದ ಮೆತ್ತನೆ ಮೈ. ದೀಪದ ಮೀನು, ಅಂದರೆ ಲ್ಯಾಂಟರ್ನ್ ಫಿಶ್‌ಗಳ ಹೊಟ್ಟೆಯ ಉದ್ದಕ್ಕೂ ಸಣ್ಣ ಸಣ್ಣ ಬೆಳಕಿನ ಚುಕ್ಕೆಗಳಿರುತ್ತವೆ. ಯಾವ ಚುಕ್ಕೆ ಎಲ್ಲಿದೆ ಅನ್ನುವುದರ ಮೇಲೇ ಜಾತಿ ಗುರುತಿಸುವುದು. ಬಲೆಯಲ್ಲಿ ಉಜ್ಜಿ ಅರ್ಧ ಚುಕ್ಕೆ ಹೋಗಿರುತ್ತವೆ, ಉಳಿದದ್ದನ್ನು ಐಸ್ ತೆಗೆಯುತ್ತದೆ. ಇಡೀ ರಾಶಿಯಲ್ಲಿ ಪೂರ್ತಿ ಚುಕ್ಕೆ ಉಳಿಸಿಕೊಂಡವು ಕೆಲವೇ ಕೆಲವು ಸಿಕ್ಕವು.

ಇನ್ನೊಂದು ಮಾತು. ಫಾರ್ಮಲಿನ್, ಸ್ಪಿರಿಟ್ ಯಾವುದನ್ನೂ ರೈಲಿನಲ್ಲಿ ಒಯ್ಯುವ ಹಾಗಿಲ್ಲ. ಹಾಗಾಗಿ ಥರ್ಮಾಕೋಲ್ ಪೆಟ್ಟಿಗೆ ತುಂಬ ಐಸ್, ರಾತ್ರಿ ರೈಲು, ಬೆಳಿಗ್ಗೆ ಮಂಗಳೂರು, ಅಲ್ಲಿಂದ ನೇರ ಲ್ಯಾಬ್. ಬೋಗಿಯಲ್ಲಿ ಪಕ್ಕದವರು ಮೀನಿನ ರೇಟು ಕೇಳಿದರು. ತಿನ್ನಲು ಆಗುವುದಿಲ್ಲ ಅಂದೆ, ನಂಬಲಿಲ್ಲ.

ಫಾರ್ಮಲಿನ್ ಕೆಲಸ

ಪೆಟ್ಟಿಗೆ ಬಿಚ್ಚಿದ ಕೂಡಲೇ ಮೊದಲ ಕೆಲಸ ಫೋಟೊ. ಫಾರ್ಮಲಿನ್ ಆಮೇಲೆ. ಆಳದ ಸೀಗಡಿಗಳು ಕಡುಗೆಂಪು. ಆ ಆಳಕ್ಕೆ ಕೆಂಪು ಬೆಳಕು ಇಳಿಯುವುದೇ ಇಲ್ಲವಾದ್ದರಿಂದ ಅಲ್ಲಿ ಕೆಂಪು ಮೈ ಕಪ್ಪಾಗಿ ಕಂಡು ಕತ್ತಲಲ್ಲಿ ಅಡಗುತ್ತದೆ. ಈ ಕೆಂಪು ಬಣ್ಣ ಸ್ಪಿರಿಟ್‌ನಲ್ಲಿ ಕರಗುತ್ತದೆ. ಕೆಲವೇ ವಾರಗಳಲ್ಲಿ ಸೀಗಡಿ ಬಿಳುಚಿ, ದ್ರವ ಕಿತ್ತಳೆ ಆಗುತ್ತದೆ. ತಡೆಯುವ ದಾರಿ ಇಲ್ಲ. ಬಣ್ಣಬಣ್ಣದ ಆಳಸಮುದ್ರ ಜಾರ್ ಅಂತ ಯಾರಾದರೂ ಮಾರಲು ಬಂದರೆ ಬಣ್ಣ ಹಚ್ಚಿದ್ದಾರೆ ಅಂತಲೇ ತಿಳಿಯಿರಿ. ಕಪ್ಪು ಮೀನುಗಳ ಕಪ್ಪು ಮಾತ್ರ ಹಾಗೇ ಉಳಿಯುತ್ತದೆ. ಅಳತೆಪಟ್ಟಿ ಪಕ್ಕದಲ್ಲಿಟ್ಟು, ಬೂದು ಬಣ್ಣದ ಹಲಗೆಯ ಮೇಲೆ, ನೆರಳಿನ ಬೆಳಕಿನಲ್ಲಿ ಫೋಟೊ ತೆಗೆದೆ.

ಆಮೇಲೆ ಮೀನಿನ ಬಲಬದಿಯಿಂದ ಅಕ್ಕಿಕಾಳಷ್ಟು ಮಾಂಸ ಕತ್ತರಿಸಿ 95ರ ಸ್ಪಿರಿಟ್ ಇರುವ ಪುಟ್ಟ ಸೀಸೆಗೆ. ಫಾರ್ಮಲಿನ್ ತಾಗಿದ ಮೇಲೆ ಡಿಎನ್‌ಎ ತೆಗೆಯುವುದು ಕಷ್ಟ. ಬಲಬದಿ ಯಾಕೆಂದರೆ ಮೀನಿನ ಚಿತ್ರ, ಪ್ರದರ್ಶನ ಎಲ್ಲದಕ್ಕೂ ಎಡಬದಿ ತೋರಿಸುವುದು ರೂಢಿ. ಕೊಯ್ಯುವುದು, ಚುಚ್ಚುವುದು ಏನೇ ಇದ್ದರೂ ಬಲಕ್ಕೆ.

ಅಂಗಡಿಯಲ್ಲಿ ಸಿಗುವ ಫಾರ್ಮಲಿನ್‌ನಲ್ಲಿ ಫಾರ್ಮಾಲ್ಡಿಹೈಡ್ ಶೇಕಡಾ 37ರಿಂದ 40 ಇರುತ್ತದೆ. ಅದರ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿದ್ದನ್ನೇ 'ಹತ್ತು ಪರ್ಸೆಂಟ್ ಫಾರ್ಮಲಿನ್' ಅನ್ನುವುದು. ಇದು ದಿನ ಹೋದ ಹಾಗೆ ಹುಳಿಯಾಗುತ್ತದೆ. ಹುಳಿಯಾದರೆ ಮೀನಿನ ಮೂಳೆ, ಕಿವಿಕಲ್ಲು, ಸೀಗಡಿಯ ಚಿಪ್ಪಿನ ಸುಣ್ಣ ಕರಗುತ್ತದೆ. ಅದಕ್ಕೆ ಲೀಟರಿಗೆ 3–4 ಗ್ರಾಂ ಬೋರಾಕ್ಸ್ ಹಾಕಿದೆ. ಕೇರಂ ಬೋರ್ಡಿಗೆ ಹಾಕುವ ಬೋರಿಕ್ ಪೌಡರ್ ಅಲ್ಲ, ಅದು ಆಸಿಡ್. ಬೋರಾಕ್ಸ್ ಅಂತಲೇ ಕೇಳಿ ತನ್ನಿ.

ಮೀನನ್ನು ಥರ್ಮಾಕೋಲ್ ಮೇಲೆ ಮಲಗಿಸಿ, ರೆಕ್ಕೆಗಳನ್ನು ಗುಂಡುಪಿನ್ನಿನಿಂದ ಬಿಡಿಸಿ, ಬ್ರಷ್‌ನಲ್ಲಿ ಗಟ್ಟಿ ಫಾರ್ಮಲಿನ್ ಸವರಿದರೆ ಕೆಲವೇ ನಿಮಿಷದಲ್ಲಿ ರೆಕ್ಕೆ ಹಾಗೇ ನಿಲ್ಲುತ್ತದೆ. ದೊಡ್ಡ ಮೀನಿಗೆ ಸಿರಿಂಜಿನಿಂದ ಹೊಟ್ಟೆಗೆ, ದಪ್ಪ ಮಾಂಸಕ್ಕೆ ಚುಚ್ಚಬೇಕು. ಇಲ್ಲದಿದ್ದರೆ ಹೊರಗೆ ಗಟ್ಟಿಯಾಗಿ ಒಳಗೆ ಕೊಳೆಯುತ್ತದೆ. ಆಮೇಲೆ ಅಗಲದ ಟ್ರೇಯಲ್ಲಿ, ಮೀನಿನ ಹತ್ತರಷ್ಟು ದ್ರವದಲ್ಲಿ ಮುಳುಗಿಸಿ ಮುಚ್ಚಿಟ್ಟೆ. ಸಣ್ಣವು ಎರಡು ಮೂರು ದಿನ, ದೊಡ್ಡವು ಒಂದು ವಾರಕ್ಕೂ ಹೆಚ್ಚು.

ಫಾರ್ಮಲಿನ್ ಸಮಯಕ್ಕೆ ಸಿಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಸೀಲಕ್ಯಾಂತ್ ಸಾಕ್ಷಿ. ಕೋಟಿಗಟ್ಟಲೆ ವರ್ಷಗಳ ಹಿಂದೆಯೇ ಅಳಿದುಹೋಗಿದೆ ಅಂದುಕೊಂಡಿದ್ದ ಆ ಮೀನು 1938ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ ಬಂದರಿಗೆ ಬಂತು. ಅಲ್ಲಿನ ಪುಟ್ಟ ಮ್ಯೂಸಿಯಂನ ಮಾರ್ಜರಿ ಕೋರ್ಟ್ನಿ-ಲ್ಯಾಟಿಮರ್ ಅದನ್ನು ಟ್ಯಾಕ್ಸಿಯಲ್ಲಿ ಹಾಕಿಕೊಂಡು ಹೋದರು. ಅಷ್ಟು ದೊಡ್ಡ ಮೀನಿಗೆ ಸಾಲುವಷ್ಟು ಫಾರ್ಮಲಿನ್ ಸಿಗಲಿಲ್ಲ. ಇದ್ದಷ್ಟರಲ್ಲಿ ಬಟ್ಟೆ, ನ್ಯೂಸ್‌ಪೇಪರ್ ಅದ್ದಿ ಸುತ್ತಿದರು. ಬೇಸಿಗೆಯ ಬಿಸಿಗೆ ಅದು ತಡೆಯಲಿಲ್ಲ. ಕೊನೆಗೆ ಚರ್ಮ ಉಳಿಸಿ ತುಂಬಿಸಿ ನಿಲ್ಲಿಸಬೇಕಾಯಿತು, ಒಳಗಿನ ಅಂಗಗಳೆಲ್ಲ ಕಸಕ್ಕೆ ಹೋದವು. ಅವುಗಳನ್ನು ನೋಡಲು ವಿಜ್ಞಾನಿಗಳು 1952ರವರೆಗೆ, ಎರಡನೆಯ ಮೀನು ಸಿಗುವ ತನಕ, ಕಾಯಬೇಕಾಯಿತು. ನಮ್ಮ ಲ್ಯಾಬಿನಲ್ಲಿ ಐದು ಲೀಟರ್ ಯಾವತ್ತೂ ಸ್ಟಾಕ್ ಇರಲಿ ಅಂತ ನಾನು ಹಟ ಹಿಡಿಯುವುದಕ್ಕೆ ಇದೇ ಕಾರಣ.

ಗಟ್ಟಿಯಾದ ಮೇಲೆ ನೀರಲ್ಲಿ ನೆನೆಸಿ, ನೀರು ಬದಲಿಸುತ್ತಾ ಫಾರ್ಮಲಿನ್ ಬಿಡಿಸಿ, ಮೆಟ್ಟಿಲಾಗಿ 70ರ ಸ್ಪಿರಿಟ್‌ಗೆ. 95ರದ್ದನ್ನು ಸುಮಾರು 740 ಮಿ.ಲೀ. ಅಳೆದು ಡಿಸ್ಟಿಲ್ಡ್ ವಾಟರ್ ಸೇರಿಸಿ ಒಂದು ಲೀಟರ್ ಮಾಡಿದರೆ 70 ಆಗುತ್ತದೆ. ಬೆರೆಸಿದ ಕೂಡಲೇ ಬಿಸಿಯಾಗಿ ಗುಳ್ಳೆ ಬರುತ್ತದೆ. ಒಂದು ರಾತ್ರಿ ಬಿಟ್ಟು ಬಳಸಿ, ಇಲ್ಲದಿದ್ದರೆ ಗುಳ್ಳೆಯೆಲ್ಲ ಮೀನಿನ ಮೈಗೆ ಅಂಟುತ್ತದೆ. ಲೋಳೆ ಮೈಯ ಜೆಲ್ಲಿಮೀನು ಮಾತ್ರ ಫಾರ್ಮಲಿನ್‌ನಲ್ಲೇ ಇರಲಿ. ಸ್ಪಿರಿಟ್‌ಗೆ ಹಾಕಿದರೆ ಮುದುಡಿ ಗುರುತೇ ಸಿಗುವುದಿಲ್ಲ.

ಎಥನಾಲ್‌ಗೆ ಅಬಕಾರಿ ಇಲಾಖೆಯ ಪರವಾನಗಿ ಬೇಕು. ಕಾಲೇಜಿಗೆ ಅದು ಇದೆ. ಮನೆಯಲ್ಲಿ ಒಂದೆರಡು ಜಾರ್ ಇಡುವವರಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಸುಲಭ. ಅದನ್ನು ಶೇಕಡಾ 50ಕ್ಕೆ ತೆಳು ಮಾಡಿ ಬಳಸಬಹುದು. ಉಳಿದ ಹಳೆ ಫಾರ್ಮಲಿನ್ ಸಿಂಕಿಗೆ ಸುರಿಯಬೇಡಿ. ನಾವು ಕ್ಯಾನಿಗೆ ತುಂಬಿಸಿ ಕೆಮಿಸ್ಟ್ರಿ ವಿಭಾಗದ ತ್ಯಾಜ್ಯದ ಜೊತೆ ಕಳಿಸಿದೆವು.

ಮುಚ್ಚಳ

ನನ್ನ ಸಮಯ ಜಾಸ್ತಿ ತಿಂದದ್ದು ಮೀನಲ್ಲ, ಮುಚ್ಚಳ. ಹಳೆ ಬೇಕಲೈಟ್ ಮುಚ್ಚಳಗಳು ಸೀಳಿದ್ದವು. ಅವುಗಳ ಒಳಗಿನ ರಟ್ಟಿನ ವಾಷರ್ ಸ್ಪಿರಿಟ್ ಹೀರಿ ಹೀರಿ ಪುಡಿಯಾಗಿತ್ತು. ಹೊಸದಾಗಿ ಒಂದು ಅಂಗಡಿಯಿಂದ ತರಿಸಿದ ಜಾರ್‌ಗಳ ಮುಚ್ಚಳ 'ಏರ್ ಟೈಟ್' ಅಂತ ಚೀಟಿ ಹೊತ್ತು ಬಂದಿದ್ದವು. ನಾನು ಚೀಟಿ ನಂಬಲಿಲ್ಲ, ತಕ್ಕಡಿ ನಂಬಿದೆ. ಜಾರಿಗೆ ಸ್ಪಿರಿಟ್ ತುಂಬಿ, ಮುಚ್ಚಿ, ತೂಗಿ, ಒಂದು ವಾರ ಬೋರಲಾಗಿ ಇಟ್ಟು ಮತ್ತೆ ತೂಗಿದೆ. ಗ್ರಾಂ ಲೆಕ್ಕದಲ್ಲಿ ಕಡಿಮೆಯಾದವನ್ನೆಲ್ಲ ಒಣ ಚಿಪ್ಪು ಇಡಲು ಬಿಟ್ಟೆ. ಗೆದ್ದದ್ದು ಪಾಲಿಪ್ರೊಪಿಲೀನ್ ಮುಚ್ಚಳ, ಒಳಗೆ ಪಾಲಿಥಿನ್ ಫೋಮ್ ಹಾಳೆ ಇರುವಂಥದ್ದು.

ಉಜ್ಜಿದ ಗಾಜಿನ ಮುಚ್ಚಳಗಳಿಗೆ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಿದೆ. ಚೌಕಾಕಾರದ ಪ್ರದರ್ಶನದ ಜಾರಿಗೆ ಸಿಲಿಕೋನ್ ಬೇಕಾಯಿತು. ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಸಿಲಿಕೋನ್ ಒಣಗುವಾಗ ವಿನೆಗರ್ ವಾಸನೆ ಬರುತ್ತದಲ್ಲ, ಅದು ಆಸಿಡ್ ಬಿಡುತ್ತದೆ. 'ನ್ಯೂಟ್ರಲ್ ಕ್ಯೂರ್' ಅಂತ ಬರೆದದ್ದನ್ನು ಕೇಳಿ ತಂದೆ. ಪ್ರತಿ ಜಾರಿನ ಮುಚ್ಚಳದ ಮೇಲೆ ತುಂಬಿದ ದಿನದ ತೂಕ ಬರೆದಿದ್ದೇನೆ. ಮುಂದೆ ಯಾರೇ ನೋಡಿದರೂ ಎಷ್ಟು ಆರಿದೆ ಅನ್ನುವುದು ಮುಚ್ಚಳ ತೆಗೆಯದೆಯೇ ಗೊತ್ತಾಗುತ್ತದೆ.

ಚೀಟಿ

ಚೀಟಿ ಜಾರಿನ ಒಳಗೇ ಇರಬೇಕು. ಹೊರಗೆ ಅಂಟಿಸಿದ್ದನ್ನು ಮಳೆಗಾಲದ ತೇವ, ಬೆಳ್ಳಿಹುಳು ತಿಂದುಹಾಕುತ್ತವೆ. ನಮ್ಮಲ್ಲಿ ತಿಂದಿದ್ದವು. ಒಳಗಿನ ಚೀಟಿಗೆ ಹತ್ತಿಯ ಕಾಗದ, ಬರೆಯಲು ಪೆನ್ಸಿಲ್. ಬಾಲ್‌ಪೆನ್ ಶಾಯಿ ಸ್ಪಿರಿಟ್‌ನಲ್ಲಿ ತೊಳೆದು ಹೋಗುತ್ತದೆ. ಲೇಸರ್ ಪ್ರಿಂಟ್‌ನ ಅಕ್ಷರ ಚಕ್ಕೆಯಾಗಿ ಎದ್ದು ತಳಕ್ಕೆ ಬೀಳುತ್ತದೆ.

ಬರೆದದ್ದು: ಜಾಗ, ಅಕ್ಷಾಂಶ, ರೇಖಾಂಶ, ಆಳ (ಮೀಟರಿನಲ್ಲಿ), ದಿನಾಂಕ, ಯಾವ ಬಲೆ, ಯಾರು ಹಿಡಿದದ್ದು, ಯಾವುದರಲ್ಲಿ ಗಟ್ಟಿ ಮಾಡಿದ್ದು, ಈಗ ಯಾವುದರಲ್ಲಿ ಇದೆ. ಹೆಸರು ಎಲ್ಲಕ್ಕಿಂತ ಕೊನೆಗೆ. ಹೆಸರು ತಪ್ಪಿದ್ದರೆ ನಾಳೆ ಯಾರಾದರೂ ಜೀವಿ ನೋಡಿ ತಿದ್ದುತ್ತಾರೆ. ಎಲ್ಲಿಂದ, ಎಷ್ಟು ಆಳದಿಂದ ಅನ್ನುವುದನ್ನು ಮಾತ್ರ ಸತ್ತ ಮೀನು ಹೇಳುವುದಿಲ್ಲ. ಹಳೆ ಜಾರ್‌ಗಳಲ್ಲಿ ಬರೀ 'ಡೀಪ್ ಸೀ ಫಿಶ್' ಅಂತ ಇದ್ದವನ್ನು, ಎಷ್ಟೇ ಚಂದ ಇದ್ದರೂ, ಹಲಗೆಯಿಂದ ಇಳಿಸಿ ಪ್ರಾಕ್ಟಿಕಲ್‌ಗೆ ಬಿಟ್ಟೆ. ಮಕ್ಕಳು ಮುಟ್ಟಿ ನೋಡಲಿ. ಇದಕ್ಕೆ ಸಹೋದ್ಯೋಗಿಗಳಿಂದ ಸ್ವಲ್ಪ ಗೊಣಗಾಟ ಬಂತು. ಬರಲಿ.

ಕಾನೂನಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಗಟ್ಟಿ ಹವಳ, ಕಪ್ಪು ಹವಳ, ಸಮುದ್ರ ಬೀಸಣಿಗೆ, ಸಮುದ್ರ ಸೌತೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ಕೆಲವು ಶಾರ್ಕ್, ತೊರಕೆಗಳೂ ಇವೆ. ಆಳದ ಬಲೆಯಲ್ಲಿ ಇವು ಬರುತ್ತವೆ. ಚೇಟನ್ ಪ್ರೀತಿಯಿಂದ ಕೊಟ್ಟ ಒಂದು ಹವಳದ ಕೊಂಬೆಯನ್ನು ಕೈಮುಗಿದು ಅಲ್ಲೇ ಬಿಟ್ಟು ಬಂದೆ. ಗುರುತು ಸಿಗದ ಜೀವಿ ಸಿಕ್ಕರೆ ಅದರ ಜಾಗ ಕಾಲೇಜಿನ ಕಪಾಟು ಅಲ್ಲ. ಕೊಚ್ಚಿಯ ಸಿಎಂಎಲ್‌ಆರ್‌ಇ ಅನ್ನುವ ಸಮುದ್ರಜೀವಿ ಸಂಶೋಧನಾ ಸಂಸ್ಥೆಯಲ್ಲಿ 'ಸಾಗರ ಸಂಪದ' ಸಂಶೋಧನಾ ಹಡಗು ತಂದ ಆಳಜೀವಿಗಳ ದೊಡ್ಡ ಸಂಗ್ರಹವಿದೆ. ಕೋಲ್ಕತ್ತಾದಲ್ಲಿ ಝೂಲಾಜಿಕಲ್ ಸರ್ವೇ ಇದೆ. ಅಂಥವರಿಗೆ ಬರೆಯಿರಿ.

ಈಗ ಹಲಗೆಯ ಮೇಲೆ ರೆಡ್ ರಿಂಗ್ ಇದೆ. ಶತ್ರು ಬಂದರೆ ಬಾಯಿಂದ ಹೊಳೆಯುವ ದ್ರವ ಉಗುಳುವ ಬಳಗದ ಹೆಟರೊಕಾರ್ಪಸ್ ಸೀಗಡಿ ಇದೆ. ದೀಪದ ಮೀನುಗಳು, ಹಸಿರುಗಣ್ಣಿನ ಕ್ಲೋರಾಫ್ತಾಲ್ಮಸ್, ಪ್ಯುರುಲಸ್ ಅನ್ನುವ ಆಳದ ಲಾಬ್‌ಸ್ಟರ್ ಇವೆ. ಇನ್ನೂ ಟ್ರೇಯಲ್ಲೇ ಉಳಿದಿರುವುದು ಇಲಿಬಾಲದ ಮೀನು, ರ‍್ಯಾಟ್‌ಟೇಲ್. ಮೇಲೆ ಎಳೆದಾಗ ಒತ್ತಡ ಸುಮಾರು ನಲವತ್ತು ಪಟ್ಟು ಇಳಿದು, ಗಾಳಿಚೀಲ ಉಬ್ಬಿ, ಜಠರ ಬಾಯಿಗೆ ಬಂದಿದೆ. ಅದನ್ನು ಒಳಗೆ ತಳ್ಳದೆ ಹಾಗೇ ಇಟ್ಟಿದ್ದೇನೆ, ಪಾಠಕ್ಕೆ ಅದೇ ಬೇಕು. ಇದರ ಬಾಲ ದಾರದ ಹಾಗೆ ಸಣ್ಣಗಾಗುತ್ತಾ ಹೋಗುತ್ತದೆ, ಯಾವ ಜಾರಿಗೂ ಹಿಡಿಯುತ್ತಿಲ್ಲ. ತಲೆ ಕೆಳಗೆ ಮಾಡಿ ನಿಲ್ಲಿಸಿದರೂ ತುದಿ ಹೊರಗೆ. ಮಡಚಿದರೆ ಮುರಿಯುತ್ತದೆ. ಸದ್ಯಕ್ಕೆ ಕೆಮಿಸ್ಟ್ರಿಯವರ ಎರಡು ಲೀಟರಿನ ಮೆಷರಿಂಗ್ ಸಿಲಿಂಡರ್ ಮೇಲೆ ಕಣ್ಣಿಟ್ಟಿದ್ದೇನೆ. ಅದರ ಬಾಯಿಗೆ ಗಾಜಿನ ತಟ್ಟೆ ಕೊಯ್ಯಿಸಿ ನ್ಯೂಟ್ರಲ್ ಸಿಲಿಕೋನ್ ಹಾಕಿದರೆ ಆದೀತು, ಆದರೆ ಮೂತಿ ಇರುವ ಕಡೆ ಸೀಲ್ ಹೇಗೆ ಅನ್ನುವುದು ಇನ್ನೂ ಬಗೆಹರಿದಿಲ್ಲ. ಮೂತಿ ಇಲ್ಲದ ಉದ್ದನೆಯ ಗಾಜಿನ ಜಾರ್ ಮಾಡಿಕೊಡುವ ಗ್ಲಾಸ್ ಬ್ಲೋಯರ್ ಮಂಗಳೂರು, ಉಡುಪಿ ಕಡೆ ಯಾರಾದರೂ ಗೊತ್ತಿದ್ದರೆ ತಿಳಿಸಿ.